ತಲೆಯ ಮೇಲೆ ಊರಿನ ಮಲ, ಕಣ್ಣಿಗೆ ಬೀಳದ ನಮ್ಮ ನೆತ್ತರು

ಈ ಬರಹದಲ್ಲಿ ಹೇಲು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಮೂಗಿಗೆ ಕರವಸ್ತ್ರ ಹಿಡಿಯುವ ರೂಢಿ ಇದ್ದವರು ಇಲ್ಲಿಗೇ ನಿಲ್ಲಿಸಬಹುದು. ನಮಗೆ ಆ ಅನುಕೂಲ ಇಲ್ಲ. ಈ ದೇಶದ ಹೇಲು ಯಾರ ತಲೆಯ ಮೇಲೆ ಇತ್ತೋ ಅವರ ಮಕ್ಕಳು ನಾವು, ಇಲ್ಲವೇ ಅವರ ಪಕ್ಕದ ಕೇರಿಯವರು. ಆದ್ದರಿಂದ ಈ ಮಾತನ್ನು ನಾವೇ ಆಡಬೇಕು. ಆಡದೆ ಹೋದದ್ದರಿಂದ ನಮ್ಮ ಮನೆಯಲ್ಲಿ ಒಂದು ಹೆಣ ಬಿದ್ದಿದೆ.

ಕದರಮಂಡಲಗಿ ಅಂದರೆ ಹೊರಗಿನವರಿಗೆ ಹನುಮಪ್ಪನ ಗುಡಿ. ಶಿಕಾರಿಪುರದ ಭ್ರಾಂತೇಶ, ಸಾತೇನಹಳ್ಳಿಯ ಶಾಂತೇಶ, ನಮ್ಮೂರ ಕಾಂತೇಶ. ಮೂವರನ್ನೂ ಒಂದೇ ದಿನ ನೋಡಿದರೆ ಪುಣ್ಯ ಎಂದು ಗಾಡಿ ಮಾಡಿಕೊಂಡು ಬರುತ್ತಾರೆ. ನಮಗೆ ಕದರಮಂಡಲಗಿ ಅಂದರೆ ಕೇರಿ. ಬ್ಯಾಡಗಿ ಮೆಣಸಿನಕಾಯಿ ಪೇಟೆಗೆ ಹೋಗುವ ಬೆಳಗಿನ ಟೆಂಪೋ. ತೊಟ್ಟು ಬಿಡಿಸಿ ಬಿಡಿಸಿ ಬೆರಳು ಉರಿಸಿಕೊಂಡ ಅವ್ವಂದಿರು. ಚೀಲ ಹೊತ್ತು ಬೆನ್ನು ಬಾಗಿದ ಅಪ್ಪಂದಿರು.

ನಮ್ಮ ದೊಡ್ಡಪ್ಪ ಆ ಪೇಟೆಯಲ್ಲಿ ಹಮಾಲಿ. ಒಂದು ವರ್ಷ ಅವನು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಕೊನೆಗೊಮ್ಮೆ ದೊಡ್ಡವ್ವನಿಗೆ ಹೇಳಿದ್ದು ಒಂದೇ ಮಾತು: ‘ಬಯಲಕಡಿಗೆ ಹೋದ್ರ ನೆತ್ತರ ಬೀಳಾಕತ್ತೈತಿ.’ ದೊಡ್ಡವ್ವ ಅಂದಳು: ‘ಅದು ಮೆಣಸಿನಕಾಯಿ ಕಾವು. ಮಜ್ಜಿಗಿ ಕುಡಿ, ಕಡಿಮಿ ಆಕ್ಕೈತಿ.’ ಬ್ಯಾಡಗಿ ಕಾಯಿ ಹೆಸರಾದದ್ದು ಕೆಂಪು ಬಣ್ಣಕ್ಕೆ, ಖಾರಕ್ಕಲ್ಲ. ಇದು ನಮ್ಮ ಭಾಗದ ಕೂಸಿಗೂ ಗೊತ್ತು. ಆದರೂ ತಪ್ಪನ್ನು ಕಾಯಿಯ ಮೇಲೆ ಹಾಕಿ ನಾವೆಲ್ಲ ನಿಶ್ಚಿಂತರಾದೆವು.

ಆಮೇಲೆ ‘ಮೂಲವ್ಯಾಧಿ, ಭಗಂದರ: ಆಪರೇಶನ್ ಇಲ್ಲದೆ ಗ್ಯಾರಂಟಿ ಗುಣ’ ಎಂಬ ಬೋರ್ಡಿನ ಅಂಗಡಿಗೆ ಆರು ತಿಂಗಳು ದುಡ್ಡು ಸುರಿದ. ಆಮೇಲೆ ಒಂದು ದವಾಖಾನೆ. ಅಲ್ಲಿನ ಡಾಕ್ಟರು ತಲೆ ಎತ್ತದೆ ಗುಳಿಗೆ ಬರೆದರು. ‘ಮೈಯಾಗ ನೆತ್ತರ ಕಡಿಮಿ ಐತಿ’ ಎಂದು ಕಬ್ಬಿಣದ ಗುಳಿಗೆಯನ್ನೂ ಬರೆದರು. ಆ ನೆತ್ತರು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಲಿಲ್ಲ. ಕೊನೆಗೆ ದೊಡ್ಡ ಊರಿನ ದೊಡ್ಡ ದವಾಖಾನೆಯಲ್ಲಿ, ನಮಗಿಂತ ನಾಲ್ಕು ವರ್ಷ ಹಿರಿಯನಾಗಿರಬಹುದಾದ ಒಬ್ಬ ಡಾಕ್ಟರು ಕೈಗೆ ಗ್ಲೌಸು ಹಾಕಿಕೊಂಡು ದೊಡ್ಡಪ್ಪನನ್ನು ಮಗ್ಗುಲಾಗಿ ಮಲಗಿಸಿ ಪರೀಕ್ಷೆ ಮಾಡಿದ. ಗಂಟು ಬೆರಳಿನ ತುದಿಗೇ ಸಿಕ್ಕಿತು. ಆ ಹೊತ್ತಿಗೆ ಅದು ಪಿತ್ತಜನಕಾಂಗಕ್ಕೆ ಹಬ್ಬಿತ್ತು. ಮುಂದಿನ ಕಾರಹುಣ್ಣಿಮೆಗೆ ದೊಡ್ಡಪ್ಪ ಇರಲಿಲ್ಲ. ಅವನಿಗೆ 57 ವರ್ಷ.

ನಮ್ಮ ಮನೆತನದಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲು. ಆ ಎರಡು ವರ್ಷ ನಾವು ಕಾಲೇಜಿನಲ್ಲಿ ಕವಿತೆ ಓದುತ್ತಿದ್ದೆವು. ನೆತ್ತರು ಎಂಬ ಶಬ್ದವನ್ನು ಒಂದೊಂದು ಕವಿತೆಯಲ್ಲಿ ಮೂರು ಸಲ ಬಳಸಿದ್ದೇವೆ. ಮನೆಯೊಳಗೆ ಬೀಳುತ್ತಿದ್ದ ನೆತ್ತರನ್ನು ಕೇಳಲಿಲ್ಲ. ಈ ತಪ್ಪನ್ನು ಮೊದಲು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇವೆ.

ಇದು ನಮ್ಮ ಮನೆಯ ದುಃಖ ಮಾತ್ರವಾಗಿದ್ದರೆ ಇನ್ನೊಂದು ಕವಿತೆ ಬರೆದು ಸುಮ್ಮನಾಗುತ್ತಿದ್ದೆವು. ಆದರೆ ಇದಕ್ಕೊಂದು ಇತಿಹಾಸ ಇದೆ. ಅದನ್ನು ಯಾವ ಪಠ್ಯಪುಸ್ತಕವೂ ನಮಗೆ ಹೇಳಿಕೊಡಲಿಲ್ಲ.

ಮುಟ್ಟದ ಬೆರಳು

ಬಾಬಾಸಾಹೇಬ ಅಂಬೇಡ್ಕರರು ತಮ್ಮ ‘ವೇಟಿಂಗ್ ಫಾರ್ ಎ ವೀಸಾ’ ಬರಹದಲ್ಲಿ ಒಂದು ಪತ್ರವನ್ನು ಕೊಟ್ಟಿದ್ದಾರೆ. 1929ರ ಡಿಸೆಂಬರ್ 12ರ ‘ಯಂಗ್ ಇಂಡಿಯಾ’ದಲ್ಲಿ ಅಚ್ಚಾದ ಪತ್ರ ಅದು. ಬರೆದವನು ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಾಲಾ ಮಾಸ್ತರ. ಅವನ ಹೆಂಡತಿ ಹಡೆದು ಎರಡು ದಿನಕ್ಕೆ ಭೇದಿ ಹತ್ತಿತು, ಉಸಿರಾಟ ಕಷ್ಟವಾಯಿತು. ಡಾಕ್ಟರು ಕೇರಿಗೆ ಬರಲು ಒಪ್ಪಲಿಲ್ಲ. ಊರ ಸಾಹುಕಾರ ಎರಡು ರೂಪಾಯಿ ಫೀಜಿಗೆ ಜಾಮೀನು ನಿಂತ ಮೇಲೆ ಬಂದ, ಅದೂ ಕೇರಿಯ ಹೊರಗೆ. ಬಾಣಂತಿಯನ್ನು ಕೂಸಿನ ಸಮೇತ ಹೊರಗೆ ತಂದು ತೋರಿಸಬೇಕಾಯಿತು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟ, ಅವನು ಗಂಡನಿಗೆ ಕೊಟ್ಟ, ಗಂಡ ಹೆಂಡತಿಗೆ ಇಟ್ಟ. ಅದೇ ದಾರಿಯಲ್ಲಿ ಅದು ವಾಪಸು ಬಂತು. ಡಾಕ್ಟರು ದೀಪದ ಬೆಳಕಿನಲ್ಲಿ ಥರ್ಮಾಮೀಟರು ನೋಡಿ ನ್ಯುಮೋನಿಯಾ ಎಂದ. ಆ ತಾಯಿ ಉಳಿಯಲಿಲ್ಲ.

ಈ ದೇಶದ ವೈದ್ಯಕೀಯ ಇತಿಹಾಸ ಬರೆಯುವವರು ಆ ಥರ್ಮಾಮೀಟರಿನಿಂದ ಶುರು ಮಾಡಬೇಕು. ಗಾಜಿನ ಕಡ್ಡಿ ಮೂರು ಕೈ ದಾಟಿತು, ಆದರೆ ಡಾಕ್ಟರ ಬೆರಳು ರೋಗಿಯನ್ನು ಮುಟ್ಟಲಿಲ್ಲ. ಇಂದು ಹಾಗೆ ಯಾರೂ ಮಾಡುವುದಿಲ್ಲ ಎನ್ನುವಿರಾ? ಇರಲಿ. ಸಾಲು ದೊಡ್ಡದಿದೆ, ಡಾಕ್ಟರು ಒಬ್ಬರೇ ಇದ್ದಾರೆ, ಪರದೆ ಇಲ್ಲ, ಮಂಚ ಇಲ್ಲ, ಗ್ಲೌಸು ಮುಗಿದಿದೆ. ಕಾರಣ ಬದಲಾಗಿದೆ. ಬೆರಳು ಮಾತ್ರ ಅಲ್ಲಿಯೇ ನಿಂತಿದೆ. ಗುದನಾಳದ ಕ್ಯಾನ್ಸರುಗಳಲ್ಲಿ ಅನೇಕವು ಬೆರಳಿಗೆ ಸಿಗುವಷ್ಟು ಕೆಳಗೇ ಇರುತ್ತವೆ. ಅದಕ್ಕೆ ಯಂತ್ರ ಬೇಡ, ಕರೆಂಟು ಬೇಡ. ಒಂದು ಗ್ಲೌಸು ಬೇಕು, ಎರಡು ನಿಮಿಷ ಬೇಕು, ಎದುರಿಗಿರುವವನು ಮನುಷ್ಯ ಎಂಬ ಭಾವನೆ ಬೇಕು.

ಹೊತ್ತ ತಲೆ

ಇನ್ನು ಹೇಲಿನ ಇತಿಹಾಸ. ನಮ್ಮ ಕೇರಿಯವರು ಸತ್ತ ದನ ಹೊತ್ತವರು. ಹೇಲು ಹೊತ್ತವರು ಬೇರೆ ಕೇರಿಯವರು. ಜಾತಿ ನಮ್ಮೊಳಗೂ ಮೆಟ್ಟಿಲು ಕಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ.

1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾದರು. ಅವರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಅದೇ ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಗ್ಗೆ ಬೂಸಾ ಮಾತು ಆಡಿದರು. ಅದರ ಮುಂದಿನ ಕಥೆ ಈ ಪತ್ರಿಕೆಯ ಓದುಗರಿಗೆ ಗೊತ್ತಿದೆ. ಒಂದನ್ನು ಗಮನಿಸಿ: ಬೂಸಾ ಎಂದದ್ದು ಎಲ್ಲರಿಗೂ ನೆನಪಿದೆ, ತಲೆಯಿಂದ ಮಲದ ಬುಟ್ಟಿ ಇಳಿಸಿದ್ದು ಕೆಲವರಿಗಷ್ಟೇ ನೆನಪಿದೆ.

1993ರಲ್ಲಿ ಕೇಂದ್ರದ ಕಾಯಿದೆ ಬಂತು. 2013ರಲ್ಲಿ ಇನ್ನೊಂದು ಕಾಯಿದೆ ಬಂತು. ಇವೆರಡರ ನಡುವೆ, 2010ರ ಜುಲೈಯಲ್ಲಿ, ನಮ್ಮದೇ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ನಿಂತು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ಅವರನ್ನು ಮನೆಗಳಿಂದ ಎಬ್ಬಿಸುವ ಹುನ್ನಾರ ನಡೆದಿತ್ತು. ಅರ್ಜಿ ಕೊಟ್ಟಾಗ ಓದದವರು, ಕೂಗಿದಾಗ ಕೇಳದವರು, ಅಂದು ತಿರುಗಿ ನೋಡಿದರು. ನಾಡಿನ ಪತ್ರಿಕೆಗಳೆಲ್ಲ ಬರೆದವು.

ಸವಣೂರಿನ ಆ ದಿನದಲ್ಲಿ ನಮಗೊಂದು ಪಾಠ ಇದೆ. ಹೇಲು ಮೈಲಿಗೆ ಎಂದು ತೀರ್ಮಾನಿಸಿದ ಸಮಾಜ ಅದನ್ನು ತನ್ನ ಕಣ್ಣಿನಿಂದ ದೂರ ಮಾಡಿ ನಮ್ಮ ತಲೆಗೆ ಏರಿಸಿತು. ಮುಟ್ಟಿದವನು ಮೈಲಿಗೆ, ಮಾತಾಡಿದವನು ಅಸಭ್ಯ. ನೋಡದೆ ಇದ್ದದ್ದನ್ನು ತಿಳಿಯುವುದು ಹೇಗೆ? ಇದರಲ್ಲಿ ಘೋರವಾದದ್ದು ಏನೆಂದರೆ, ಅವರ ನಾಚಿಕೆಯನ್ನು ನಾವೂ ಕಲಿತೆವು. ಊರಿನದನ್ನೆಲ್ಲ ಹೊತ್ತವರು ನಮ್ಮದನ್ನು ನಾವು ನೋಡಿಕೊಳ್ಳಲಿಲ್ಲ. ಹಗಲು ಮರೆ ಇಲ್ಲವೆಂದು ನಸುಕಿನಲ್ಲಿ ಚರಿಗೆ ಹಿಡಿದು ಹೋಗಿ ನಸುಕಿನಲ್ಲೇ ಬರುತ್ತಿದ್ದ ನಮ್ಮ ಅವ್ವಂದಿರು ಜನ್ಮದಲ್ಲಿ ಅದರ ಬಣ್ಣ ಕಂಡವರಲ್ಲ. ಕತ್ತಲಲ್ಲಿ ನೆತ್ತರು ಕೆಂಪಾಗಿ ಕಾಣುವುದಿಲ್ಲ.

ಹೇಲನ್ನು ಓದಿದವರು

ನಾವು ಹೀಗೆ ಮುಖ ತಿರುಗಿಸಿಕೊಂಡಿದ್ದಾಗ ಲೋಕದ ಬೇರೆ ಕಡೆ ಕೆಲವರು ಹೇಲನ್ನು ಪುಸ್ತಕದಂತೆ ಓದಲು ಕಲಿತರು.

1864ರಲ್ಲಿ ಹಾಲೆಂಡಿನ ವಾನ್ ಡೀನ್ ಎಂಬವನು ಗ್ವಾಯಕ್ ಮರದ ಅಂಟಿನಿಂದ ನೆತ್ತರನ್ನು ಪತ್ತೆ ಹಚ್ಚುವ ಬಗೆ ಹೇಳಿದ. ನೆತ್ತರು ಸೋಂಕಿದರೆ ಆ ಅಂಟು ನೀಲಿ ಬಣ್ಣಕ್ಕೆ ತಿರುಗುತ್ತದೆ. 1901ರಲ್ಲಿ ಬರ್ಲಿನ್ನಿನ ಇಸ್ಮಾರ್ ಬೋಆಸ್ ಎಂಬ ಡಾಕ್ಟರು, ಕಣ್ಣಿಗೆ ಕಾಣದ ನೆತ್ತರು ಕೂಡ ಮಲದಲ್ಲಿ ಇರುತ್ತದೆ, ಅದು ಹೊಟ್ಟೆ ಕರುಳಿನ ಕ್ಯಾನ್ಸರಿನ ಸುಳಿವು ಆಗಬಹುದು ಎಂದು ತೋರಿಸಿದ. ಈ ಬೋಆಸ್ ಯಹೂದಿ. 1938ರಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾಕ್ಕೆ ನುಗ್ಗಿದಾಗ ವಿಯೆನ್ನಾದಲ್ಲಿ ತನ್ನ ಜೀವ ತಾನೇ ತೆಗೆದುಕೊಂಡ. ಹುಟ್ಟಿನಿಂದ ಕೀಳು ಎನಿಸಿಕೊಂಡವನು ಎಲ್ಲ ಮನುಷ್ಯರ ಕರುಳಿನ ಗುಟ್ಟು ಹೇಳಿ ಹೋದ.

1967ರಲ್ಲಿ ಅಮೆರಿಕದ ಡೇವಿಡ್ ಗ್ರೀಗರ್ ಎಂಬ ಡಾಕ್ಟರು ಈ ಅಂಟನ್ನು ಕಾಗದಕ್ಕೆ ಹಚ್ಚಿ ರೋಗಿಗಳ ಕೈಗೆ ಕೊಟ್ಟ. ಅವರು ಮನೆಯಲ್ಲೇ ಕಡ್ಡಿಯಿಂದ ಒಂದು ಚೂರು ಮಲ ಹಚ್ಚಿ ತಂದುಕೊಟ್ಟರೆ ಸಾಕು. ದವಾಖಾನೆಯ ಮಂಚ ಬೇಡ, ಬತ್ತಲಾಗುವುದು ಬೇಡ. ಇದು ಕೆಲಸ ಮಾಡುತ್ತದೆಯೇ ಎಂದು ನೋಡಲು 1975ರಲ್ಲಿ ಮಿನೆಸೋಟಾ ರಾಜ್ಯದಲ್ಲಿ 50ರಿಂದ 80 ವಯಸ್ಸಿನ 46,551 ಜನರ ಮೇಲೆ ಅಧ್ಯಯನ ಶುರುವಾಯಿತು. 1993ರಲ್ಲಿ ಫಲ ಪ್ರಕಟವಾಯಿತು: ಪ್ರತಿವರ್ಷ ಪರೀಕ್ಷೆಗೆ ಕರೆದ ಗುಂಪಿನಲ್ಲಿ ದೊಡ್ಡಕರುಳಿನ ಕ್ಯಾನ್ಸರಿನ ಸಾವು ನೂರಕ್ಕೆ 33ರಷ್ಟು ಕಡಿಮೆ. ಜಪಾನು 1992ರಿಂದಲೇ 40 ದಾಟಿದವರಿಗೆಲ್ಲ ಮಲಪರೀಕ್ಷೆಯನ್ನು ಸಾರ್ವಜನಿಕ ಕಾರ್ಯಕ್ರಮ ಮಾಡಿತ್ತು. ಇಂಗ್ಲೆಂಡು 2006ರಲ್ಲಿ ಶುರು ಮಾಡಿತು.

ಗುಟ್ಟು ಇಷ್ಟೇ. ಈ ಕ್ಯಾನ್ಸರು ಒಂದೇ ದಿನದಲ್ಲಿ ಬರುವುದಿಲ್ಲ. ಕರುಳಿನ ಒಳಗೋಡೆಯ ಮೇಲೆ ಮೊದಲು ಪಾಲಿಪ್ ಎಂಬ ಸಣ್ಣ ಬೆಳೆ ಏಳುತ್ತದೆ. ಎಲ್ಲ ಪಾಲಿಪ್ಪೂ ಕೆಡುವುದಿಲ್ಲ. ಕೆಡುವಂಥದ್ದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 10 ವರ್ಷದ ಆಸುಪಾಸು ಹಿಡಿಯುತ್ತದೆ. ಒಂದು ಕೂಸು ಹುಟ್ಟಿ ನಾಲ್ಕನೇ ಇಯತ್ತೆಗೆ ಬರುವಷ್ಟು ಕಾಲ! ಅಷ್ಟರೊಳಗೆ ಅದು ಆಗಾಗ ಹನಿ ನೆತ್ತರು ಸುರಿಸುತ್ತದೆ. ಆ ಹನಿಯನ್ನು ಪರೀಕ್ಷೆ ಹಿಡಿಯುತ್ತದೆ. ಆಮೇಲೆ ಕ್ಯಾಮೆರಾ ಇರುವ ಕೊಳವೆಯಿಂದ ಒಳಗೆ ನೋಡುತ್ತಾರೆ. ಅದು ಕೊಲೊನೊಸ್ಕೊಪಿ. ಪಾಲಿಪ್ ಕಂಡರೆ ಅಲ್ಲೇ ಕತ್ತರಿಸುತ್ತಾರೆ. ರೋಗ ಕಂಡುಹಿಡಿಯುವುದಷ್ಟೇ ಅಲ್ಲ, ಬರದಂತೆ ತಡೆಯುವುದೂ ಇದರಿಂದ ಸಾಧ್ಯ.

ಇಲ್ಲೊಂದು ಊಟದ ಮಾತು. ಹಳೆಯ ಗ್ವಾಯಕ್ ಪರೀಕ್ಷೆಗೆ ದನದ ನೆತ್ತರೂ ಒಂದೇ, ಮನುಷ್ಯನ ನೆತ್ತರೂ ಒಂದೇ. ಹಾಗಾಗಿ ಪರೀಕ್ಷೆಗೆ ಮೊದಲು ಖಂಡ ಬಿಡಬೇಕಿತ್ತು. ಈಗ ಬಳಸುವ ಫಿಟ್ ಎಂಬ ಪರೀಕ್ಷೆ ಮನುಷ್ಯನ ನೆತ್ತರನ್ನು ಮಾತ್ರ ಹಿಡಿಯುತ್ತದೆ, ಊಟ ಬಿಡಬೇಕಾಗಿಲ್ಲ. ‘ನೀವು ಖಂಡ ತಿಂತೀರಿ, ಅದಕ್ಕ ಬರತೈತಿ’ ಎನ್ನುವವರು ಸಿಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸ ಈ ಕ್ಯಾನ್ಸರಿಗೆ ಕಾರಣ ಎಂದಿತು, ಕೆಂಪು ಮಾಂಸ ಕಾರಣ ಆಗಿರುವ ಸಂಭವ ಇದೆ ಎಂದಿತು. ನಿಜ. ಹೆಂಡ, ತಂಬಾಕು, ಬೊಜ್ಜು ಕೂಡ ಕಾರಣ ಎನ್ನುವುದೂ ನಿಜ. ಆದರೆ ತಿಂಗಳಿಗೆ ಎರಡು ಸಲ ಖಂಡ ಕಾಣುವ ನಮ್ಮ ಗಡಿಗೆಯನ್ನು ಅಪರಾಧಿ ಮಾಡಿ, ಪರೀಕ್ಷೆ ಕೊಡದ ವ್ಯವಸ್ಥೆಯನ್ನು ಬಿಟ್ಟುಬಿಡುವುದು ವಿಜ್ಞಾನ ಅಲ್ಲ, ಅದು ಹಳೆಯ ಮಡಿ.

ಯಾರಿಗೆ ಸಿಕ್ಕಿತು?

ಪರೀಕ್ಷೆ ಹುಟ್ಟಿದ ಅಮೆರಿಕದಲ್ಲಿಯೇ ಅದು ಮೊದಲು ತಲುಪಿದ್ದು ಬಿಳಿಯರಿಗೆ, ಉಳ್ಳವರಿಗೆ. ಕಪ್ಪು ಜನ ಬರುವುದಿಲ್ಲ, ಅವರಿಗೆ ತಿಳಿವಳಿಕೆ ಕಡಿಮೆ ಎಂದರು. ಈ ಮಾತನ್ನು ನಾವೆಲ್ಲೋ ಕೇಳಿದ್ದೇವೆ, ಅಲ್ಲವೇ? ಅವರು ಯಾಕೆ ಬರುತ್ತಿರಲಿಲ್ಲ? ಅಲಬಾಮಾದ ಟಸ್ಕೆಗಿಯಲ್ಲಿ 1932ರಿಂದ 1972ರ ತನಕ ಸರಕಾರಿ ಡಾಕ್ಟರುಗಳು ಸಿಫಿಲಿಸ್ ಇದ್ದ ಸುಮಾರು 400 ಬಡ ಕಪ್ಪು ಗಂಡಸರಿಗೆ ಔಷಧಿ ಕೊಡದೆ, ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುತ್ತ ಕೂತಿದ್ದರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಅಂಥ ಕೋಟಿನವರು ‘ಬರ್ರಿ, ಪರೀಕ್ಷೆ ಮಾಡತೀವಿ’ ಎಂದರೆ ಯಾರು ನಂಬುತ್ತಾರೆ?

ಆದರೆ ಡೆಲವೇರ್ ಎಂಬ ಸಣ್ಣ ರಾಜ್ಯ ಒಂದು ಕೆಲಸ ಮಾಡಿ ತೋರಿಸಿತು. 2002ರ ಹೊತ್ತಿಗೆ ಶುರುವಾದ ಕಾರ್ಯಕ್ರಮದಲ್ಲಿ ಸರಕಾರ ಪರೀಕ್ಷೆಯ ಖರ್ಚು ಕೊಟ್ಟಿತು. ಕ್ಯಾನ್ಸರ್ ಕಂಡುಬಂದ ಬಡವರ ಚಿಕಿತ್ಸೆಯ ಖರ್ಚನ್ನೂ ಹೊತ್ತಿತು. ಜೊತೆಗೆ ನರ್ಸುಗಳನ್ನು ನೇಮಿಸಿ, ಒಬ್ಬೊಬ್ಬರ ಕೈಹಿಡಿದು ಪರೀಕ್ಷೆಯ ತನಕ ಕರೆದುಕೊಂಡು ಹೋಗುವ ಏರ್ಪಾಟು ಮಾಡಿತು. 2009ರ ಹೊತ್ತಿಗೆ ಪರೀಕ್ಷೆ ಮಾಡಿಸಿಕೊಂಡ ಕಪ್ಪು ಜನರ ಪ್ರಮಾಣ ನೂರಕ್ಕೆ 48ರಿಂದ 74ಕ್ಕೆ ಏರಿತು. ಬಿಳಿಯರದೂ 74. ಕಪ್ಪು ಜನರ ಸಾವು ನೂರಕ್ಕೆ 40ಕ್ಕೂ ಹೆಚ್ಚು ಇಳಿದು ಬಿಳಿಯರ ಮಟ್ಟಕ್ಕೆ ಹತ್ತಿರ ಬಂತು. ಆ ಜನರ ತಿಳಿವಳಿಕೆ ಏಳು ವರ್ಷದಲ್ಲಿ ಇದ್ದಕ್ಕಿದ್ದಂತೆ ಹುಟ್ಟಿತೇ? ಇಲ್ಲ. ಬಾಗಿಲು ತೆರೆಯಿತು, ಬಂದರು.

2012ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರದ ಬಡವರ ದವಾಖಾನೆಗಳಿಂದ ಇನ್ನೊಂದು ಲೆಕ್ಕ ಬಂತು. ‘ಕೊಲೊನೊಸ್ಕೊಪಿ ಮಾಡಿಸಿಕೋ’ ಎಂದಷ್ಟೇ ಹೇಳಿದಾಗ ನೂರಕ್ಕೆ 38 ಮಂದಿ ಪರೀಕ್ಷೆ ಮುಗಿಸಿದರು. ಮನೆಯಲ್ಲಿ ಮಾಡುವ ಮಲಪರೀಕ್ಷೆ ಕೊಟ್ಟಾಗ 67. ‘ಎರಡರಲ್ಲಿ ನಿನಗೆ ಯಾವುದು ಬೇಕು’ ಎಂದು ಕೇಳಿದಾಗ 69. ಕೇಳಿದರೆ ಉತ್ತರ ಬರುತ್ತದೆ. ನಮ್ಮನ್ನು ಈತನಕ ಯಾರೂ ಕೇಳಿಲ್ಲ.

ಅಮೆರಿಕ ಶ್ರೀಮಂತ ದೇಶ ಎನ್ನುವಿರಿ. ಥಾಯ್ಲೆಂಡಿನ ಲಂಪಾಂಗ್ ನೋಡಿ. ಅಲ್ಲಿ 2011ರಲ್ಲಿ 50ರಿಂದ 65 ವಯಸ್ಸಿನವರಿಗೆ ಹಳ್ಳಿಯ ಆರೋಗ್ಯ ಕೇಂದ್ರಗಳ ಮೂಲಕವೇ ಫಿಟ್ ಪರೀಕ್ಷೆ ಹಂಚಿದರು. ನೂರಕ್ಕೆ 60ಕ್ಕೂ ಹೆಚ್ಚು ಜನ ಮಾಡಿಸಿಕೊಂಡರು. ನೆತ್ತರು ಕಂಡದ್ದು ನೂರಕ್ಕೆ ಒಬ್ಬರ ಆಸುಪಾಸು. ಅಂದರೆ ಕೊಲೊನೊಸ್ಕೊಪಿಗೆ ಹೋಗಬೇಕಾದವರು ಅಷ್ಟೇ ಮಂದಿ.

ನಮ್ಮ ಲೆಕ್ಕ

ಈಗ ನಮ್ಮ ನಾಡಿಗೆ ಬರೋಣ. 1946ರ ಭೋರ್ ಸಮಿತಿ, ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದಿತ್ತು. ಹುಬ್ಬಳ್ಳಿಗೆ ಮೆಡಿಕಲ್ ಕಾಲೇಜು ಬಂದದ್ದು 1957ರಲ್ಲಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾಗಿ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ನಮ್ಮ ಹಾವೇರಿ 1997ರ ತನಕ ಧಾರವಾಡ ಜಿಲ್ಲೆಯ ಒಂದು ಮೂಲೆ. ಕದರಮಂಡಲಗಿಯ ಹಮಾಲಿಗೆ ಕಿದ್ವಾಯಿ 300 ಕಿಲೋಮೀಟರಿಗೂ ದೂರ, ಹುಬ್ಬಳ್ಳಿ 100 ಕಿಲೋಮೀಟರಿನ ಆಸುಪಾಸು. ಒಂದು ಸಲ ಹೋಗಿಬಂದರೆ ಎರಡು ದಿನದ ಕೂಲಿ ಮುಳುಗುತ್ತದೆ.

2016ರಲ್ಲಿ ಕೇಂದ್ರ ಸರಕಾರ 30 ದಾಟಿದವರಿಗೆ ಕ್ಯಾನ್ಸರ್ ತಪಾಸಣೆಯ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಮೂರು ಕ್ಯಾನ್ಸರುಗಳಿವೆ: ಬಾಯಿ, ಸ್ತನ, ಗರ್ಭಕೊರಳು. ದೊಡ್ಡಕರುಳು ಇಲ್ಲ. ಗರ್ಭಕೊರಳಿನ ಪರೀಕ್ಷೆಗೆ ಪುರಾವೆ ಕೊಟ್ಟವರು ಕೂಡ ಬಡ ಹಳ್ಳಿ ಹೆಂಗಸರೇ. ನಮ್ಮ ಗಡಿಗೆ ಹತ್ತಿರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯಲ್ಲಿ 1.3 ಲಕ್ಷ ಹೆಂಗಸರ ಮೇಲೆ ನಡೆದ ಅಧ್ಯಯನದ ಫಲ 2009ರಲ್ಲಿ ಬಂತು. ಒಂದೇ ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನಲ್ಲಿ ಸಾವು 34. ಪರೀಕ್ಷೆ ಮಾಡದೆ ಹೋಲಿಕೆಗೆಂದು ಇಟ್ಟ 30 ಸಾವಿರಕ್ಕೂ ಹೆಚ್ಚು ಹೆಂಗಸರ ಗುಂಪಿನಲ್ಲಿ 64. ಆ ಪುರಾವೆ ಲೋಕಕ್ಕೆಲ್ಲ ಉಪಯೋಗವಾಯಿತು. ಪರೀಕ್ಷೆ ಸಿಗದ ಆ ಹೆಂಗಸರ ಋಣ ಯಾರು ತೀರಿಸುತ್ತಾರೆ? ನಮ್ಮ ಮಂದಿಯ ಮೈ ಪಾಠಕ್ಕೆ ಬೇಕು, ಪಾಠದ ಫಲ ಮಾತ್ರ ನಮಗೆ ತಡವಾಗಿ ಬರುತ್ತದೆ.

ದೊಡ್ಡಕರುಳು ಯಾಕೆ ಇಲ್ಲ ಎಂದರೆ, ಈ ರೋಗ ಇಲ್ಲಿ ಕಡಿಮೆ ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯ ಇದೆ. ಹುಸಿ ಕೋಪ ನಮಗೆ ಬೇಡ. ಪಶ್ಚಿಮದ ದೇಶಗಳಿಗಿಂತ ನಮ್ಮಲ್ಲಿ ಇದು ಕಡಿಮೆಯೇ. ಆದರೆ ಇನ್ನೊಂದು ಲೆಕ್ಕ ಕೇಳಿ. 2022ರ ಅಂದಾಜಿನಂತೆ ಲೋಕದಲ್ಲಿ ಈ ಕ್ಯಾನ್ಸರು ಹೊಸದಾಗಿ ಬಂದದ್ದು 19 ಲಕ್ಷ ಜನರಿಗೆ, ಸತ್ತವರು 9 ಲಕ್ಷ. ಭಾರತದಲ್ಲಿ ಹೊಸದಾಗಿ ಬಂದದ್ದು ಸುಮಾರು 70 ಸಾವಿರ, ಸತ್ತವರು ಸುಮಾರು 40 ಸಾವಿರ. ಲೋಕದಲ್ಲಿ ಎರಡಕ್ಕೆ ಒಂದಕ್ಕಿಂತ ಕಡಿಮೆ, ನಮ್ಮಲ್ಲಿ ಎರಡಕ್ಕೆ ಒಂದಕ್ಕಿಂತ ಹೆಚ್ಚು. ರೋಗ ಕಡಿಮೆ ಇರುವಲ್ಲಿ ಬಂದವನಿಗೆ ಸಾವು ಹೆಚ್ಚು. ಅದಕ್ಕೆ ದೊಡ್ಡದೊಂದು ಕಾರಣ, ತಡ.

ಬಡವರು ಬರುವುದಿಲ್ಲ ಎಂಬ ಮಾತಿಗೆ ನಮ್ಮ ಉತ್ತರ ಕರ್ನಾಟಕವೇ ಉತ್ತರ ಹೇಳಿದೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಈ ಭಾಗಕ್ಕೆ ಬಂತು. ಬಿಪಿಎಲ್ ಕಾರ್ಡಿನವರಿಗೆ ಕ್ಯಾನ್ಸರು, ಹೃದಯದಂಥ ದೊಡ್ಡ ರೋಗಗಳ ಚಿಕಿತ್ಸೆ ಪುಕ್ಕಟೆ. ಯೋಜನೆಯ ಗಡಿಯ ಆಚೆ ಈಚೆ ಇರುವ ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬಂತು. ಯೋಜನೆ ಇದ್ದ ಹಳ್ಳಿಗಳ ಬಡವರಲ್ಲಿ ಆ ರೋಗಗಳಿಂದಾದ ಸಾವು ನೂರಕ್ಕೆ 60ಕ್ಕೂ ಹೆಚ್ಚು ಕಡಿಮೆ. 2018ರಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಬಂದು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಎಂದಾಯಿತು. ಆಪರೇಶನ್ನಿಗೆ ದಾರಿ ಇದೆ. ಆಪರೇಶನ್ ಫಲ ಕೊಡುವ ಕಾಲಕ್ಕೆ ರೋಗವನ್ನು ಹಿಡಿದುಕೊಡುವ ಕೈ ಕೆಳಗಿನ ದವಾಖಾನೆಯಲ್ಲಿ ಇಲ್ಲ.

ಏನು ಮಾಡೋಣ

ಎಲ್ಲರಿಗೂ ನಾಳೆಯೇ ಪರೀಕ್ಷೆ ಕೊಡಿ ಎಂದು ಕೂಗುವುದು ಸುಲಭ. ಕೊಲೊನೊಸ್ಕೊಪಿ ಮಾಡುವ ಯಂತ್ರ, ಕಲಿತ ಕೈ ಇಲ್ಲದೆ ಬರೀ ಫಿಟ್ ಹಂಚಿದರೆ ‘ನಿನ್ನ ಹೇಲಿನಾಗ ನೆತ್ತರ ಐತಿ, ಮುಂದಿಂದು ನೀನೇ ನೋಡಕೋ’ ಎಂದಂತೆ. ಅದು ಇನ್ನೊಂದು ಮೋಸ. ಆದ್ದರಿಂದ ನಮ್ಮ ಬೇಡಿಕೆ ಮೂರು.

ಒಂದು: ನೆತ್ತರು ಬೀಳುತ್ತಿರುವವನಿಗೆ ಬೇಕಾದದ್ದು ತಪಾಸಣೆಯ ಕಾರ್ಡಲ್ಲ, ಇವತ್ತೇ ಡಾಕ್ಟರ ಪರೀಕ್ಷೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಪರದೆ, ಒಂದು ಮಂಚ, ಗ್ಲೌಸು, ಹೆಂಗಸರಿಗೆ ಹೆಣ್ಣು ಡಾಕ್ಟರು ಅಥವಾ ಜೊತೆಗೆ ನಿಲ್ಲುವ ನರ್ಸು ಇರಲೇಬೇಕು. ಬೆರಳು ಹಾಕಿ ನೋಡದೆ ಮೂಲವ್ಯಾಧಿ ಎಂದು ಬರೆಯಬಾರದು. 50 ದಾಟಿದವರಿಗೆ ಕಾರಣವಿಲ್ಲದೆ ನೆತ್ತರು ಕಡಿಮೆಯಾಗಿದ್ದರೆ ಗುಳಿಗೆ ಕೊಟ್ಟು ಕಳಿಸಬಾರದು.

ಎರಡು: ಅಪ್ಪ, ಅವ್ವ, ಅಣ್ಣ, ತಮ್ಮ, ಅಕ್ಕ, ತಂಗಿಯರಲ್ಲಿ ಯಾರಿಗಾದರೂ ಈ ಕ್ಯಾನ್ಸರು ಬಂದಿದ್ದರೆ ಉಳಿದವರಿಗೆ ಹೇಳಿ ಕಳಿಸುವುದು ದವಾಖಾನೆಯ ಕರ್ತವ್ಯವಾಗಬೇಕು. ಅಂಥವರು 40ಕ್ಕೆ, ಇಲ್ಲವೇ ಮನೆಯವರಿಗೆ ರೋಗ ಬಂದ ವಯಸ್ಸಿಗೆ 10 ವರ್ಷ ಮೊದಲು, ಯಾವುದು ಮೊದಲೋ ಆಗ ಕೊಲೊನೊಸ್ಕೊಪಿ ಮಾಡಿಸಿಕೊಳ್ಳಬೇಕು ಎಂಬುದು ಲೋಕದ ಹಲವು ವೈದ್ಯ ಸಂಘಗಳ ಸಲಹೆ.

ಮೂರು: ಲಂಪಾಂಗ್ ಮಾಡಿದಂತೆ ಒಂದು ತಾಲೂಕಿನಲ್ಲಿ ಮಾಡಿ ನೋಡಿ. ಬ್ಯಾಡಗಿಯಲ್ಲೇ ಮಾಡಿ. ಆಶಾ ಅಕ್ಕಂದಿರು ಬಿ.ಪಿ., ಸಕ್ಕರೆ ಕಾಯಿಲೆ ಕೇಳಿಕೊಂಡು ಮನೆ ಮನೆಗೆ ಹೋಗುತ್ತಲೇ ಇದ್ದಾರೆ. ಅದೇ ಚೀಲದಲ್ಲಿ ಫಿಟ್ ಡಬ್ಬಿ ಹೋಗಬಹುದು. ಆದರೆ ಆ ಅಕ್ಕಂದಿರಿಗೆ ಆ ಕೆಲಸಕ್ಕೆ ತಕ್ಕ ದುಡ್ಡು ಕೊಡಬೇಕು. ಊರಿನ ಹೇಲನ್ನು ಮತ್ತೆ ಬಡ ಹೆಂಗಸರ ತಲೆಗೆ ಬಿಟ್ಟಿಯಾಗಿ ಹೊರಿಸುವುದಾದರೆ ನಾವು ಒಪ್ಪುವುದಿಲ್ಲ.

ಇವು ಸರಕಾರಕ್ಕೆ. ನಮಗೂ ಕೆಲಸ ಇದೆ. ಹಳ್ಳಿಯ ಮಾಸ್ತರರೇ, ಅಕ್ಕೋರೇ, ಜೀರ್ಣಾಂಗದ ಪಾಠ ಮಾಡುವಾಗ ದೊಡ್ಡಕರುಳಿಗೆ ಬಂದು ನಿಲ್ಲಿಸಬೇಡಿ, ಇನ್ನೊಂದು ಗೇಣು ಮುಂದಕ್ಕೆ ಹೋಗಿ. ‘ಮನಿಯಾಗ ಹಿರೇರಿಗೆ ಕೇಳ್ರಿ’ ಎಂದು ಮಕ್ಕಳಿಗೆ ಹೇಳಿ: ನೆತ್ತರು ಬೀಳತೈತೇನು? ಚರಿಗೆ ಹಿಡಿಯುವ ರೂಢಿ ಬದಲಾಗಿ ತಿಂಗಳಾಯಿತೇನು? ತೂಕ ಇಳಿಯಾಕತ್ತೈತೇನು? ವಿದ್ಯಾರ್ಥಿ ಗೆಳೆಯರೇ, ಊರಿಗೆ ಹೋದಾಗ ಭಾಷಣಕ್ಕೆ ಮೊದಲು ಅಪ್ಪನ ಪಕ್ಕದಲ್ಲಿ ಕೂತು ಇದನ್ನು ಕೇಳಿ. ಸಂಘಟನೆಯ ಕಾರ್ಯಕರ್ತರೇ, ಒಬ್ಬ ರೋಗಿಯ ಜೊತೆ ಹುಬ್ಬಳ್ಳಿಗೆ ಹೋಗಿ ಚೀಟಿ ಮಾಡಿಸಿ ಸಾಲಿನಲ್ಲಿ ನಿಲ್ಲುವುದು ಧರಣಿಗಿಂತ ಸಣ್ಣ ಕೆಲಸವಲ್ಲ. ಡೆಲವೇರಿನ ನರ್ಸುಗಳು ಮಾಡಿದ್ದು ಅದನ್ನೇ.

ನಮ್ಮ ಪಕ್ಕದ ರಾಣೇಬೆನ್ನೂರು ತಾಲೂಕಿನ ಚೌಡಯ್ಯದಾನಪುರ ಅಂಬಿಗರ ಚೌಡಯ್ಯನ ಊರು. ಮುಚ್ಚುಮರೆ ಇಲ್ಲದ ನಾಲಗೆ ಅವನದು. ಅವನ ನೆಲದಲ್ಲಿ ಹುಟ್ಟಿ ನಾವು ಹೇಲು ಎನ್ನಲು ನಾಚಿದರೆ ಹೇಗೆ? ನಾಚಬೇಕಾದವರು ಹೊರಿಸಿದವರು, ಹೊತ್ತವರಲ್ಲ.

ಕಳೆದ ವಾರ ಈ ಬರಹವನ್ನು ದೊಡ್ಡಪ್ಪನ ಹಿರೀಮಗನಿಗೆ ಓದಿ ಹೇಳಿದೆವು. ಅಣ್ಣನಿಗೆ ಈಗ 39. ಅಪ್ಪನ ಜಾಗದಲ್ಲಿ ಅದೇ ಪೇಟೆಯಲ್ಲಿ ಹಮಾಲಿ. ಎರಡನೇ ಬೇಡಿಕೆ ಓದುವಾಗ ಅವನು ತಡೆದ. ‘ಅಂದ್ರ ನನಗೂ ನೋಡಬೇಕಂತೇನೋ ತಮ್ಮಾ?’ ಎಂದ. ಹೌದು ಎಂದೆವು. ದೊಡ್ಡಪ್ಪ ಸತ್ತು ನಾಲ್ಕು ವರ್ಷವಾಯಿತು. ಯಾವ ದವಾಖಾನೆಯೂ ಅವನಿಗೆ ಈ ಮಾತು ಹೇಳಿರಲಿಲ್ಲ. ನಾವೂ ಹೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸೋಮವಾರ ಪ್ಯಾಟಿ ಇರತೈತಿ. ಮಂಗಳವಾರ ಹೋಗೂಣು’ ಎಂದ.

ಮಂಗಳವಾರ ನಾವು ಹುಬ್ಬಳ್ಳಿಗೆ ಹೋಗುತ್ತಿದ್ದೇವೆ.